ಟಗರು ಬಲ್ಲವನ ಕೈಗೆ ಸಿಕ್ಕ ಗಂಟು

ಲೇ ಗುರಪ್ಪ,

ನೀನು ಕುರಿ ಹಟ್ಟಿಯಿಂದ ಮನೆಗೆ ಬರುವಷ್ಟರಲ್ಲಿ ನಾನೂ ನಿನ್ನ ಅತ್ತಿಗೆಯೂ ಬಾಗಲಕೋಟೆಯ ಬಸ್ಸು ಹತ್ತಿರುತ್ತೇವೆ. ನಿನ್ನೆ ಜಳಕ ಮಾಡುವಾಗ ಎಡಗಡೆಯ ತರಡಿನಲ್ಲಿ, ಡಾಕ್ಟರು ವೃಷಣ ಅನ್ನುತ್ತಾರಲ್ಲ ಅದರಲ್ಲಿ, ಒಂದು ಗಂಟು ಕೈಗೆ ಸಿಕ್ಕಿತು. ಹುಣಸೆ ಬೀಜದಷ್ಟೇ ಇದೆ, ಆದರೆ ಕಲ್ಲಿನಂತೆ ಗಟ್ಟಿ. ಕೆರೂರ ಸಂತೆಯಲ್ಲಿ ಲಕ್ಷ ಟಗರುಗಳ ತರಡು ಹಿಡಿದು ನೋಡಿದ ಕೈ ಇದು, ಸುಳ್ಳು ಹೇಳುವುದಿಲ್ಲ. ಇಂಥ ಗಂಟಿದ್ದ ಟಗರನ್ನು ಸಂತೆಯಲ್ಲೇ ಬಿಟ್ಟು ಬರುತ್ತಿದ್ದೆ. ನನ್ನನ್ನು ನಾನು ಎಲ್ಲಿ ಬಿಟ್ಟು ಬರಲಿ?

ನೋವಿಲ್ಲವಲ್ಲ, ದೀಪಾವಳಿ ಆಗಲಿ ಎನ್ನಬೇಡ. ನಮ್ಮ ಕರಿ ಟಗರಿಗೆ ಇಂಥದೇ ಗಂಟು ಎದ್ದಾಗ ಅದಕ್ಕೂ ನೋವಿರಲಿಲ್ಲ. ‘ನೋಡೂನು ತಡಿಯೋ ಅಣ್ಣಾ’ ಎಂದವನು ನೀನೇ. ಅದು ಹಬ್ಬ ಕಾಣಲಿಲ್ಲ. ನಿನ್ನ ಅತ್ತಿಗೆ ಸುದ್ದಿ ಕೇಳಿದ ಕೂಡಲೇ, ‘ಟಗರಿಗೊಂದು ನ್ಯಾಯ, ಗಂಡಗೊಂದು ನ್ಯಾಯ ಏನ್ರಿ? ಏಳ್ರಿ ಮ್ಯಾಲ!’ ಎಂದು ಬುತ್ತಿ ಕಟ್ಟಿದಳು. ಇಡೀ ದವಾಖಾನೆ ಉಂಡರೂ ಮುಗಿಯದಷ್ಟು ರೊಟ್ಟಿ.

ಬಿಳಿ ಟಗರಿಗೆ ಹುರುಳಿ ನೆನೆಸಿಟ್ಟಿದ್ದೇನೆ, ನೀನು ಮುಕ್ಕಬೇಡ. ಗಬ್ಬದ ಕುರಿಗಳನ್ನು ಗುಡ್ಡ ಹತ್ತಿಸಬೇಡ. ಅವ್ವನಿಗೆ ಖರೆಯನ್ನೇ ಹೇಳು, ಆದರೆ ಆಕೆ ಉಂಡ ಮೇಲೆ ಹೇಳು. ಬೀರಪ್ಪ ದೇವರ ಭಂಡಾರ ಹಣೆಗೆ ಹಚ್ಚಿಕೊಂಡೇ ಹೊರಟಿದ್ದೇನೆ ಎಂಬುದನ್ನು ಮೊದಲು ಹೇಳು.

ಡಾಕ್ಟರು ಒಂದನ್ನು ತೆಗೆಯಬೇಕೆಂದರೆ ತೆಗೆಯಲಿ. ಉಳಿದದ್ದೊಂದೇ ಇಡೀ ಬದಾಮಿ ತಾಲೂಕಿಗೆ ಸಾಕು. ರಾತ್ರಿ ನಿದ್ದೆ ಮಾತ್ರ ಬರಲಿಲ್ಲ, ಅದನ್ನು ಯಾರಿಗೂ ಹೇಳಬೇಡ.

ನೀನೂ ಇವತ್ತೇ ಬಚ್ಚಲಿನಲ್ಲಿ ನಿನ್ನದನ್ನು ನೋಡಿಕೋ. ನೂರು ಮಂದಿಯ ಮುಂದೆ ಟಗರಿನದು ಹಿಡಿದು ನೋಡುವವನಿಗೆ, ಬಾಗಿಲು ಹಾಕಿಕೊಂಡು ತನ್ನದು ನೋಡಿಕೊಳ್ಳಲು ಎಂಥ ನಾಚಿಕೆ?

ನಿನ್ನ ಅಣ್ಣ
ಹುಲ್ಲಪ್ಪ