ಒತ್ತಾವಿಯಾ ಉಗಿದ ವೈನ್

ಮಮೊಯಾದ,
ಫೆಬ್ರವರಿ 26

ಪ್ರೀತಿಯ ಬೊನಾರಿಯಾ ಅಕ್ಕನಿಗೆ ತಮ್ಮ ಬಕೀಸಿಯೊನ ನಮಸ್ಕಾರಗಳು.

ನಿನ್ನ ಪತ್ರಗಳಿಗೆ ಉತ್ತರ ತಡವಾಯಿತೆಂದು ಬೈಯಬೇಡ. ಕಾರ್ನಿವಲ್ ಕುಣಿತಕ್ಕೆ ಈ ಸಲವೂ ಬೆನ್ನ ತುಂಬ ಗಂಟೆ ಕಟ್ಟಿಕೊಂಡಿದ್ದೆ. ಅಷ್ಟು ಗಂಟೆ ಹೊತ್ತವನಿಗೆ ಪತ್ರ ಬರೆಯಲು ಒಂದು ಗಂಟೆ ಸಿಗಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ಭಾವನಿಗೆ ಮಂಡಿಯ ತೊಂದರೆ ಅಂತ ಬರೆದಿದ್ದೀಯ. ನಮಗಿಲ್ಲಿ ಅಪ್ಪನ ಮೊಂಡಿನ ತೊಂದರೆ.

ವಿಷಯ ಅದೇ, ನನ್ನ ಪೀಪಾಯಿ. ಮೇಲಿನ ತೋಟದ ಕನ್ನೊನಾವು ದ್ರಾಕ್ಷಿಯನ್ನು ಅಪ್ಪನಿಗಿಂತ ಬೇಗ ಕಿತ್ತು, ಸಿಪ್ಪೆಯ ಜೊತೆ ಹೆಚ್ಚು ದಿನ ಬಿಡದೆ, ನನ್ನ ರೀತಿಯಲ್ಲಿ ಮಾಡಿದ ತೆಳು ಕೆಂಪು ವೈನ್. ಅಪ್ಪ ಒಮ್ಮೆ ಕುಡಿದು ತಲೆಯಾಡಿಸಿದರೆ ಸಾಕು, ಅದು ನಮ್ಮ ಮನೆಯ ವೈನ್ ಆಗುತ್ತದೆ. ಇಲ್ಲದಿದ್ದರೆ ಅದು ಮೂಲೆಯಲ್ಲಿ ಕೂತ ಪೀಪಾಯಿ, ನಾನು ಮೂಲೆಯಲ್ಲಿ ಕೂತ ಮಗ. ಎರಡು ಚಳಿಗಾಲ ಕಳೆದರೂ ಅಪ್ಪ ಅದನ್ನು ಮೂಸಿಯೂ ನೋಡಿಲ್ಲ. "ಸಿಪ್ಪೆಗೆ ದೂರದಿಂದ ತೋರಿಸಿ ತೆಗೆದ ರಸಾನೂ ವೈನೇನೋ?" ಎನ್ನುತ್ತಾನೆ.

ಹೊರಗಿನವರ ಮಾತಾದರೂ ಕೇಳಲಿ ಎಂದು ಕಾಲ್ಯಾರಿಯಿಂದ ಒತ್ತಾವಿಯಾ ಅವರನ್ನು ಕರೆಸಿದೆ. ಯಾವ ವೈನಿಗೆ ಯಾವ ಊಟ ಒಪ್ಪುತ್ತದೆಂದು ಹೋಟೆಲಿನವರಿಗೆ ಹೇಳುವುದು ಅವರ ಕೆಲಸ; ಒಂಥರಾ ಸಂಬಂಧ ಕುದುರಿಸುವವರು. "ನೆಲಮಾಳಿಗೆಯಲ್ಲಿ ಕೊಟ್ಟ ಗ್ಲಾಸನ್ನು ಬೇಡ ಅನ್ನಬೇಡಿ, ಅಪ್ಪ ಸಹಿಸಲ್ಲ" ಎಂದು ದಾರಿಯಲ್ಲೇ ಹೇಳಿದ್ದೆ. ಪುಣ್ಯಾತ್ಗಿತ್ತಿ, ಒಂದನ್ನೂ ಬೇಡ ಅನ್ನಲಿಲ್ಲ. ಅಪ್ಪ ತನ್ನ ಪೀಪಾಯಿಯಿಂದ ಕೈಯಾರೆ ಬಗ್ಗಿಸಿ ಕೊಟ್ಟ. ಮೂಸಿದರು, ಬಾಯಲ್ಲಿ ಗಳಗಳ ಆಡಿಸಿದರು, ಅಮ್ಮನ ಹಾಲಿನ ಬಕೆಟ್ಟಿಗೆ ಪಿಚಕ್ಕೆಂದು ಉಗಿದರು.

ಅವರು ವೈನ್ ಉಗಿದರು, ಅಪ್ಪ ನನಗೆ ಉಗಿದ. ಆಮೇಲೆ ಅವರ ಕಡೆ ತಿರುಗಿದ.

"ಏನಮ್ಮಾ, ನನ್ನ ವೈನಲ್ಲಿ ನೊಣ ಬಿದ್ದಿತ್ತಾ?"

"ಅಯ್ಯೋ ಇಲ್ಲ ಯಜಮಾನರೇ, ಬಹಳ ಚೆನ್ನಾಗಿದೆ. ಒಳ್ಳೇ ಗಟ್ಟಿ ಒಗರು. ಕೆಂಡದಲ್ಲಿ ಸುಟ್ಟ ಹಂದಿಮರಿಗೆ, ಹಳೇ ಕುರಿಹಾಲಿನ ಚೀಸಿಗೆ ಹೇಳಿ ಮಾಡಿಸಿದ ಹಾಗಿದೆ."

"ಚೆನ್ನಾಗಿದ್ರೆ ನುಂಗೋಕೇನು ಕಷ್ಟ?"

"ಎಲ್ಲಾ ಕಡೆ ನುಂಗ್ತಾ ಹೋದ್ರೆ ಸಂಜೆ ಹೊತ್ತಿಗೆ ನಾನೇ ಬಕೆಟ್ಟಲ್ಲಿರ್ತೀನಿ."

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

ಆಮೇಲೆ ನನ್ನದರ ಸರದಿ. ಅದನ್ನೂ ಉಗಿದು, "ಇದನ್ನ ಸ್ವಲ್ಪ ತಣ್ಣಗೆ ಮಾಡಿ, ಟೊಮೇಟೊ ಹಾಕಿ ಬೇಯಿಸಿದ ಟ್ಯೂನಾ ಮೀನಿನ ಜೊತೆ ಕೊಡಿ. ಸೊಗಸಾಗಿ ಹೊಂದತ್ತೆ" ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಪ್ಪ ಅಮ್ಮನಿಗೆ ಹೇಳಿದ: "ಕೇಳಿದೆಯಾ? ಬೆಟ್ಟದಲ್ಲಿ ಹುಟ್ಟಿದ ವೈನು ಮೀನಿನ ಮನೆಗೆ ಸೊಸೆಯಾಗಿ ಹೋಗತ್ತಂತೆ. ಅದೂ ತಣ್ಣಗೆ. ಯಾಕೆ, ಅದಕ್ಕೇನು ಜ್ವರಾನಾ?"

ಬಕೆಟ್ಟನ್ನು ಎತ್ತಿಕೊಂಡು ಹೋಗಿ ಅಂಗಳಕ್ಕೆ ಚೆಲ್ಲಿದ. ಅವನದೂ ನನ್ನದೂ ಒಂದಾಗಿ ಹರಿದದ್ದು ಅಲ್ಲಿ ಮಾತ್ರ.

ನನಗೆ ಸಾಕಾಗಿದೆ ಅಕ್ಕ. ಹೊಗಳಿದವರು ಮನೆಗೆ ಹೋದರು, ಹೊಗಳಬೇಕಾದವನು ಮನೆಯಲ್ಲೇ ಇದ್ದಾನೆ. ನೀನೂ ಮೀನಿನೂರಿಗೆ ಸೊಸೆಯಾಗಿ ಹೋದವಳೇ ತಾನೆ? ಒಂದು ಬಾಟಲು ಕಳಿಸಿದ್ದೇನೆ. ಭಾವನ ಕೈಯಿಂದ ಟ್ಯೂನಾ ತರಿಸು, ಬಾವಿಯ ನೀರಲ್ಲಿ ಬಾಟಲು ತಣಿಸು, ಕುಡಿದು ನಿಜ ಬರೆ. ತಮ್ಮ ಅಂತ ದಾಕ್ಷಿಣ್ಯ ಬೇಡ. ದ್ರಾಕ್ಷಿಗೆ ದಾಕ್ಷಿಣ್ಯ ಬೆರೆತರೆ ಹುಳಿಯಾಗುತ್ತದೆ.

ಭಾವನಿಗೆ ನಮಸ್ಕಾರ. ಮಕ್ಕಳಿಬ್ಬರಿಗೂ ಈ ಸೋದರಮಾವನ ಆಶೀರ್ವಾದ; ನಿಮ್ಮ ಕಡಲು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ
ಬಕೀಸಿಯೊ

ಮ.ವಿ.: ಇದನ್ನು ಬರೆಯಬಾರದೆಂದಿದ್ದೆ. ಒತ್ತಾವಿಯಾ ಹೋದ ಮೇಲೆ ಊಟದ ಹೊತ್ತಿಗೆ ಅಪ್ಪ ಅದನ್ನು ಕುಡಿದ. ತಾನೇ ಇಳಿದು ಹೋಗಿ ನನ್ನ ಪೀಪಾಯಿಯಿಂದ ತಂದ. ಅಮ್ಮ ಮಾಡಿದ ಕುರಿಮಾಂಸ, ಆಲೂಗಡ್ಡೆಯ ಜೊತೆ ನಿಧಾನವಾಗಿ, ಒಂದು ಹನಿ ಉಳಿಸದೆ. ಕಣ್ಣು ಕಟ್ಟಿ ಒಂದು ಗುಟುಕು ಕೊಟ್ಟರೂ ಇಂಥವರ ಮನೆಯದು ಅಂತ ಹೇಳುವ ಊರಲ್ಲವೇ ನಮ್ಮದು? ಅಪ್ಪ ಖಾಲಿ ಗ್ಲಾಸನ್ನು ಇನ್ನೊಮ್ಮೆ ಮೂಸಿ ಕೆಳಗಿಟ್ಟ. ಮುಖದಲ್ಲಿ ಕೋಪವೇನೂ ಇರಲಿಲ್ಲ. "ಚೆನ್ನಾಗಿದೆ ಕಣೋ" ಎಂದ. "ಆದ್ರೆ ಇದು ಯಾರ ಮನೇದು ಅಂತ ಗೊತ್ತಾಗ್ತಿಲ್ಲ."

ಮಾರನೆಯ ಬೆಳಿಗ್ಗೆ ನಾನೂ ಕಣ್ಣು ಮುಚ್ಚಿ ಕುಡಿದು ನೋಡಿದೆ, ಅಕ್ಕ. ನನಗೂ ಗೊತ್ತಾಗಲಿಲ್ಲ.