ಖಾಲಿ ಕೊಡ ಇಡಲು ಒಂದು ಬಾಗಿಲು ಬೇಕಾಗಿದೆ

ಸಣ್ಣ ಊರುಗಳ ಚುನಾವಣೆಯನ್ನು ಮುಂದೂಡುವುದರಲ್ಲಿ ನಿಪುಣರಾದ ಮಾನ್ಯ ಅಧಿಕಾರಿಗಳೇ,

ನಮ್ಮ ಪುರಸಭೆಯ ಚುನಾವಣೆಯನ್ನು ಮತ್ತೆ ಮುಂದಕ್ಕೆ ಹಾಕಿದ್ದೀರಿ. ಇದು ನಾಲ್ಕನೆಯ ಸಲ. ಮೊದಲು ಬಿಸಿಲು ಎಂದಿರಿ, ಆಮೇಲೆ ಮಕ್ಕಳ ಪರೀಕ್ಷೆ, ಅದಾದ ಮೇಲೆ ಮೀಸಲಾತಿ ಪಟ್ಟಿ, ಈಗ ಮಳೆಗಾಲವಂತೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಗೆ ಬಿಸಿಲು ಹೊಸದಾಗಿ ಬಂತೇ? ಇದೇ ಬಿಸಿಲಲ್ಲಿ ದೊಡ್ಡ ಚುನಾವಣೆಗೆ ನಮ್ಮನ್ನು ಸಾಲಾಗಿ ನಿಲ್ಲಿಸಿದಿರಲ್ಲ, ಆಗ ಸೂರ್ಯ ರಜೆಯ ಮೇಲಿದ್ದನೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಮ್ಮೂರಿನ ಹೆಸರು ಬರೆಯುವುದಿಲ್ಲ. ನಕ್ಷೆಯಲ್ಲಿ ಹುಡುಕುವ ಶ್ರಮ ನಿಮಗೇಕೆ? ಬಸ್ಸು ಚಹಾಕ್ಕೆ ನಿಲ್ಲುವಷ್ಟು ದೊಡ್ಡದು ಎಂದುಕೊಳ್ಳಿ. ಇಲ್ಲೊಂದು ರಿವಾಜಿದೆ. ಮೂರು ದಿನ ನಳದಲ್ಲಿ ನೀರು ಬರದಿದ್ದರೆ ಓಣಿಯ ಹೆಂಗಸರು ಖಾಲಿ ಕೊಡಗಳನ್ನು ವಾರ್ಡಿನ ಮೆಂಬರನ ಬಾಗಿಲಿಗೆ ಸಾಲಾಗಿ ಇಟ್ಟು ಬರುತ್ತಾರೆ. ಹೊರಟವನಿಗೆ ಖಾಲಿ ಕೊಡ ಎದುರಾದರೆ ಕೆಲಸ ಕೆಟ್ಟಂತೆಯೇ. ಹಾಗಾಗಿ ಮೆಂಬರ ಹೊಸ್ತಿಲು ದಾಟುವ ಮೊದಲೇ ನೀರು ಬಿಡುವವನಿಗೆ ಫೋನು ಮಾಡಿ ಬೈಯುತ್ತಿದ್ದ. ಸಂಜೆಯೊಳಗೆ ನಳ ಬರುತ್ತಿತ್ತು. ನಮ್ಮ ಪ್ರಜಾಪ್ರಭುತ್ವ ಇಷ್ಟೇ, ಆದರೆ ನಡೆಯುತ್ತಿತ್ತು.

ಕಳೆದ ವಾರ ನಳ ನಿಂತು ಒಂಬತ್ತು ದಿನವಾಗಿತ್ತು. ಪಕ್ಕದ ಮನೆಯ ಮುದುಕಿ ನಿಂಬೆವ್ವ ಮೊಣಕಾಲು ಎಳೆಯುತ್ತ ಹೋಗಿ, ರೂಢಿಯಂತೆ ನಮ್ಮ ವಾರ್ಡಿನ ಹಳೆಯ ಮೆಂಬರ ಗುರುಪಾದನ ಬಾಗಿಲಿಗೆ ಕೊಡ ಇಟ್ಟಳು. ಅವನ ಅವಧಿ ಮುಗಿದು ಎರಡು ವರ್ಷವಾಗಿದೆ.

“ನಾ ಈಗ ಮೆಂಬರ ಅಲ್ಲಬೇ ಯವ್ವಾ. ನನ್ನ ಫೋನ್ ಯಾರೂ ಎತ್ತಲ್ಲ,” ಎಂದ ಅವನು.

“ಮತ್ತ ಯಾರ ಬಾಗಲಕ ಇಡ್ಲೋ? ಮನ್ಯಾಗ ಸೊಸಿ ಬಾಣಂತಿ ಅದಾಳ, ಕೂಸಿಗಿ ಎರೀಬೇಕು!”

ಗುರುಪಾದನ ಮನೆಯಲ್ಲೂ ನೀರಿರಲಿಲ್ಲ. ಮುದುಕಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ನಾನೇ ಆಡಳಿತಾಧಿಕಾರಿಗಳ ಕಚೇರಿಗೆ ಹೋದೆ. ಮೂರು ಊರಿಗೆ ಒಬ್ಬರೇ ಸಾಹೇಬರು! ಬಾಗಿಲಿಗೆ ಬೀಗ. ಜವಾನ ಕೊಡ ನೋಡಿ, “ಸಾಹೇಬ್ರು ಬುಧವಾರ ಬರ್ತಾರ್ರಿ. ಅದನ್ನ ಇಲ್ಲಿ ಇಡಬ್ಯಾಡ್ರಿ, ಅಪಶಕುನ,” ಎಂದ. ಬೀಗಕ್ಕೂ ಅಪಶಕುನವೇ, ಮಾನ್ಯರೇ? ಆ ದಿನ ಹನ್ನೊಂದು ದಿನದ ಕೂಸಿಗೆ ಅಂಗಡಿಯ ಬಾಟಲಿ ನೀರು ಕಾಯಿಸಿ ಎರೆದರು. ನೋಡಿದ ನನಗೆ ನಾಚಿಕೆಯಾಯಿತು. ನಿಮಗೂ ಸ್ವಲ್ಪ ಆಗಲಿ ಎಂದು ಬರೆಯುತ್ತಿದ್ದೇನೆ.

ಮೆಂಬರುಗಳು ಕಳ್ಳರು ಎನ್ನುವಿರಿ. ಇರಬಹುದು. ಆದರೆ ಆ ಕಳ್ಳನಿಗೆ ನಮ್ಮ ಓಣಿಯಲ್ಲೇ ಮನೆಯಿತ್ತು, ಬೈದರೆ ಕೇಳಿಸುತ್ತಿತ್ತು.

ಈ ತಿಂಗಳೊಳಗೆ ದಿನಾಂಕ ಗೊತ್ತುಮಾಡಿ, ಮತ್ತೆ ಅದನ್ನು ಮುಟ್ಟಬೇಡಿ. ಆಗದಿದ್ದರೆ ನಿಮ್ಮ ಮನೆಯ ವಿಳಾಸ ಕೊಡಿ. ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ. ನಿಂಬೆವ್ವ ಕೊಡ ಹಿಡಿದು ಕೂತಿದ್ದಾಳೆ.

ಇಂತಿ,
ನಾಲ್ಕು ಸಲ ಮತದಾರರ ಚೀಟಿ ಹುಡುಕಿ, ನಾಲ್ಕು ಸಲ ಮತ್ತೆ ಮನೆಯ ಟ್ರಂಕಿಗೇ ಹಾಕಿದ,
ದರ್ಜಿ ದೌಲತರಾಯ