ಯಂಕಪ್ಪನ ಹೆಂಡತಿ

ಹಿರೇವಡ್ಡಟ್ಟಿ
ಸಂಕ್ರಾಂತಿ ಕಳೆದ ವಾರ, ೧೯೫೨

ಚಿರಂಜೀವಿ ಫಕ್ಕೀರಪ್ಪನಿಗೆ ಅವ್ವನ ಆಶೀರ್ವಾದ.

ನಾವು ಇಲ್ಲಿ ಕ್ಷೇಮ. ನೀನೂ ಸೊಸೆಯೂ ಲಕ್ಷ್ಮೇಶ್ವರದಲ್ಲಿ ಕ್ಷೇಮವೆಂದು ತಿಳಿದಿದ್ದೇನೆ. ಪತ್ರ ತಡವಾಯಿತು. ಕೈ ಬಿಡುವಿರಲಿಲ್ಲ ಎಂದರೆ ಸುಳ್ಳಾದೀತು. ಸಿಟ್ಟು ಇಳಿಯಲಿ ಎಂದು ನಾಲ್ಕು ದಿನ ಕಾದೆ. ಇಳಿಯಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಓಟಿನ ದಿನ ಕೋಳಿ ಕೂಗುವ ಮೊದಲೇ ಎದ್ದೆ. ಎಮ್ಮೆ ಹಿಂಡಿ, ರೊಟ್ಟಿ ಬಡಿದಿಟ್ಟು, ಮೈ ತೊಳೆದು, ನಿನ್ನ ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ ಉಟ್ಟೆ. ನಿಮ್ಮ ಅಪ್ಪ ಕಂಬಳಿಯೊಳಗಿಂದಲೇ, "ಓಟಿನ ಪೆಟಗಿ ಏನ ಓಡಿ ಹೊಕ್ಕಾವೇನ? ಹೊತ್ತ ಏರಲಿ ತಡಿ" ಎಂದರು. ನಾನು ತಡೆಯಲಿಲ್ಲ. ಈ ಜನ್ಮದಲ್ಲಿ 'ನಿನ್ನ ಮನಸ್ಸಿನಲ್ಲಿ ಏನಿದೆ' ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ಈಗ ಸರಕಾರ ಕೇಳುತ್ತದಂತೆ! ಪಕ್ಕದ ಮನೆಯ ಗುಲಾಬಬಿಯನ್ನು ಎಬ್ಬಿಸಿಕೊಂಡು ಹೋದೆ. ಶಾಲೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಇಡೀ ಊರಿಗೆ ನಾನೇ ಮೊದಲು, ನನ್ನ ಹಿಂದೆ ಅವಳು.

ಬಾಗಿಲು ತೆರೆದ ಮೇಲೆ ಗದಗಿನಿಂದ ಬಂದ ಸಾಹೇಬರು ಹೆಸರು ಕೇಳಿದರು. ಹೇಳಿದೆ. ಹೆಸರುಗಳ ಯಾದಿಯ ಮೇಲೆ ಬೆರಳಾಡಿಸಿ, "ಇಲ್ಲಲ್ಲವ್ವಾ. ಗಂಡನ ಹೆಸರ ಹೇಳ್ರಿ" ಎಂದರು.

ಮದುವೆಯಾಗಿ ಇಪ್ಪತ್ತೇಳು ವರ್ಷ. ಮದುವೆ-ಹಬ್ಬದಲ್ಲಿ ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ ಬಿಟ್ಟರೆ ಆ ಹೆಸರನ್ನು ಬಾಯಿಗೆ ತಂದವಳಲ್ಲ. ಅಷ್ಟರಲ್ಲಿ ಗಂಡಸರ ಸಾಲೂ ಬೆಳೆದಿತ್ತು. ಅದರಲ್ಲಿ ನಿಂತಿದ್ದ ತಿರಕಪ್ಪ, "ಒಂದ ಒಡಪ ಹಾಕಿ ಹೇಳಬೇ ಯಕ್ಕಾ!" ಎಂದು ಹಲ್ಲು ಕಿಸಿದ. ಹೇಳದಿದ್ದರೆ ಓಟು ಹೋಗುತ್ತದೆ. ನಾಚಿಕೆಗೆ ಬೆಂಕಿ ಬೀಳಲಿ ಎಂದು, "ಯಂಕಪ್ಪ!" ಅಂದೆ, ಎಲ್ಲರಿಗೂ ಕೇಳುವಂತೆ.

ಸಾಹೇಬರು ಇನ್ನೊಂದು ಹಳೆಯ ಕಾಗದ ತೆಗೆದರು. "ಹಾಂ, ಇಲ್ಲಿ ಐತಿ ನೋಡ್ರಿ, ಯಂಕಪ್ಪನ ಹೆಂಡತಿ. ಖುದ್ದ ಹೆಸರ ಬರಸದ ಹೆಣ್ಣಮಕ್ಕಳನ್ನೆಲ್ಲ ತಗದ ಹಾಕ್ಯಾರ. ನನ್ನ ಕೈಯಾಗ ಏನೂ ಇಲ್ಲವ್ವಾ."

"ಈಗ ಹೇಳೀನಲ್ರಿ, ಬರಕೋರಿ!" ಎಂದೆ.

"ಇನ್ನ ಮುಂದಿನ ಚುನಾವಣಿಗೇ" ಎಂದರು. ಆ ಸಾಲಿನ ಮೇಲೆ ಕೆಂಪು ಗೀಟು ಹೊಡೆದಿತ್ತು. ಕಾಗದ ಕಸಿದು ಹರಿದು ಹಾಕಬೇಕು ಎನಿಸಿತು.

ಗುಲಾಬಬಿ ಒಳಗೆ ಹೋದಳು. ಗಂಡ ಸತ್ತವಳು, ಪರವಾಗಿ ಹೇಳುವವರು ಯಾರೂ ಇಲ್ಲವೆಂದು ಯಾದಿ ಬರೆದ ದಿನ ತಾನೇ ಹೊಸ್ತಿಲಿಗೆ ಬಂದು ಹೆಸರು ಬರೆಸಿದ್ದಳು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದವಳು ನನ್ನ ಮುಖ ನೋಡಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆಗ ಅಳು ಬಂತು ನೋಡು.

ನಿಮ್ಮ ಅಪ್ಪನದು ಬೇರೆಯೇ ಗೋಳು. "ನಾಕ ಮಂದ್ಯಾಗ ನನ್ನ ಹೆಸರ ಹಿಡದ ಒದರಿದೇನ?" ಎಂದು ಕೂಗಾಡಿದರು. "ನಿಮ್ಮ ಹೆಸರ ಹೇಳಿದ್ದಕ್ಕ ಇಷ್ಟ ಸಿಟ್ಟ. ನನ್ನ ಹೆಸರ ಇಲ್ಲದ್ದಕ್ಕ ಯಾರಿಗೂ ಇಲ್ಲೇನ?" ಎಂದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಸೊಸೆಗೆ ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕಳಿಸಿದ್ದೇನೆ. ಇಬ್ಬರೂ ನೂರು ವರ್ಷ ತಣ್ಣಗೆ ಬಾಳಿರಿ.

ನಿನ್ನ ಅವ್ವ

ತಾ.ಕ.: ಆ ಹಳೆಯ ಕಾಗದ ಯಾರ ಕೈಬರಹ ಎಂದು ನನಗೆ ತಿಳಿಯುವುದಿಲ್ಲವೇ? ನೀನು ಪಾಟಿಯ ಮೇಲೆ ತಿದ್ದುವಾಗ ಪಕ್ಕದಲ್ಲಿ ಕೂತು ನಾನೂ ಕಲಿತ ಅಕ್ಷರ ಅದು. ಲಕ್ಷ್ಮೇಶ್ವರಕ್ಕೆ ವರ್ಗವಾಗುವ ಮೊದಲು ನಮ್ಮೂರ ಯಾದಿ ಬರೆದ ಮಾಸ್ತರ ನೀನೇ. ಅಂದು ನಾನು ಒಲೆಯ ಮುಂದಿದ್ದೆ. ನೀನು ಪಡಸಾಲೆಯಲ್ಲಿ ಕೂತು ಅಪ್ಪನ ಹೆಸರು ಬರೆದುಕೊಂಡೆ, ನಿನ್ನ ಹೆಸರು ಬರೆದುಕೊಂಡೆ. "ಅವ್ವಾ, ನೀರ ಕೊಡಬೇ" ಎಂದು ಕೂಗಿದೆ. ನಾನು ತಂದುಕೊಟ್ಟೆ. ನೀರು ಕುಡಿದು ತಂಬಿಗೆ ನನ್ನ ಕೈಗೆ ಕೊಟ್ಟು, ಯಂಕಪ್ಪನ ಹೆಂಡತಿ ಎಂದು ಬರೆದುಕೊಂಡೆ.

ಇದಕ್ಕೆ ಉತ್ತರ ಬರೆಯುವುದಾದರೆ ಲಕೋಟೆಯ ಮೇಲೆ ನನ್ನ ಹೆಸರಿರಲಿ. ಅಪ್ಪನ ಹೆಸರಿದ್ದರೆ ಒಡೆಯದೆ ತಿರುಗಿ ಕಳಿಸುತ್ತೇನೆ. ಮರೆತಿದ್ದರೆ ಕೆಳಗಿದೆ, ನೋಡಿ ಬರೆ.

ತಿಪ್ಪವ್ವ